ಆ ಹಿಂದಿನ ಮೂಲೆಯಲ್ಲಿ ಸಸಿ ನೆಡಬೇಡಿ

ಜೀವವೈವಿಧ್ಯ ಯೋಜನೆ ಮಾಡಿಕೊಡಿ ಎಂದು ಕಾರ್ಖಾನೆಯವರು ಕರೆಸಿದಾಗ ಮೊದಲು ಹುಲ್ಲುಹಾಸು, ಕಾರಂಜಿ ತೋರಿಸುತ್ತಾರೆ. ನನಗೆ ಬೇಕಾದದ್ದು ಗೋದಾಮಿನ ಹಿಂದೆ ಇರುತ್ತದೆ: ಜಲ್ಲಿ ಚೆಲ್ಲಿದ, ಅಲ್ಲಲ್ಲಿ ಕಳೆ ಎದ್ದ, ಮಳೆ ಬಂದರೆ ನೀರು ನಿಲ್ಲುವ ಜಾಗ. ‘ಅದು ಬಿಡಿ ಸಾರ್, ಬರೀ ಪಾಳು. ಪರಿಸರ ದಿನಕ್ಕೆ ಅಲ್ಲೇ ಸಾವಿರ ಸಸಿ ಹಾಕಿಸ್ತೀವಿ’ ಅನ್ನುತ್ತಾರೆ. ಎಷ್ಟು ಸಲ ಕೇಳಿದರೂ ಈ ಮಾತಿಗೆ ಮೈ ಉರಿಯುತ್ತದೆ.

ಟಿಟ್ಟಿಭ ಹಕ್ಕಿ ಮೊಟ್ಟೆಯಿಡುವುದು ಇಂಥ ಬಯಲಲ್ಲೇ, ಜಲ್ಲಿಯ ನಡುವೆ. ಸಾಮಾನ್ಯವಾಗಿ 4 ಮೊಟ್ಟೆ, ಬಣ್ಣವೂ ಕಲ್ಲಿನದೇ. ಅದಕ್ಕೆ ಸುತ್ತಲೂ ಕಣ್ಣು ಹಾಯಬೇಕು. ಮರ ಎದ್ದರೆ ಕಾಗೆಗೆ ಕಾದು ಕೂರಲು ಕೊಂಬೆ ಸಿಕ್ಕಿತು. ಜೇನ್ನೊಣದ ಬಳಗದ ಬಹುಪಾಲು ಜಾತಿಗಳು ಹುಟ್ಟು ಕಟ್ಟುವುದಿಲ್ಲ, ಒಂಟಿಯಾಗಿ ನೆಲದಲ್ಲಿ ಬಿಲ ತೋಡುತ್ತವೆ. ಹಲವಕ್ಕೆ ಬಿಸಿಲು ಬೀಳುವ ಬರಿಮಣ್ಣೇ ಬೇಕು. ಹೊಂಡ ಬೇಸಿಗೆಯಲ್ಲಿ ಒಣಗುವುದರಿಂದಲೇ ಅಲ್ಲಿ ಮೀನಿಲ್ಲ, ಮೀನಿಲ್ಲದ್ದರಿಂದಲೇ ಗೊದಮೊಟ್ಟೆಗಳು ಬದುಕುತ್ತವೆ. ನೀವು ಅದನ್ನೇ ಆಳ ಮಾಡಿಸಿ, ಕಾಂಕ್ರೀಟ್ ಬಳಿದು, ಬಣ್ಣದ ಮೀನು ಬಿಟ್ಟು ಫಲಕ ನೆಡುತ್ತೀರಿ! ಗೊಬ್ಬರದ ಮಣ್ಣನ್ನೂ ತಂದು ಸುರಿಯಬೇಡಿ. ನೆಲ ಕೊಬ್ಬಿದರೆ ಎರಡು ಮೂರು ಪುಂಡ ಹುಲ್ಲುಗಳು ಉಳಿದ ಹೂಗಿಡಗಳನ್ನೆಲ್ಲ ನುಂಗುತ್ತವೆ.

ಇಂಗ್ಲೆಂಡಿನ ಕ್ಯಾನ್ವೇ ವಿಕ್ ನೋಡಿ. ತೈಲ ಸಂಸ್ಕರಣಾಗಾರಕ್ಕೆಂದು ಹೂಳುಮಣ್ಣು ಸುರಿದು, ಅರ್ಧಕ್ಕೆ ಕೈಬಿಟ್ಟ ಜಾಗ ಅದು. ಅಲ್ಲಿ 1,300ಕ್ಕೂ ಹೆಚ್ಚು ಬಗೆಯ ಅಕಶೇರುಕಗಳು, ಅಂದರೆ ಕೀಟ, ಜೇಡಗಳಂಥ ಬೆನ್ನೆಲುಬಿಲ್ಲದ ಜೀವಿಗಳು ಸಿಕ್ಕವು. 2005ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆಯೂ ಬಂತು. ಹಾಗೆಂದು ಎಲ್ಲ ಪಾಳೂ ಹೊನ್ನಲ್ಲ. ಎಣ್ಣೆ, ಬೂದಿ, ರಾಸಾಯನಿಕ ಇಳಿದ ನೆಲವಾದರೆ ಮೊದಲು ಮಣ್ಣು ಪರೀಕ್ಷೆ. ಏನಿದೆ, ಏನಿಲ್ಲ ಎಂದು ಒಂದೇ ಭೇಟಿಯಲ್ಲಿ ನಾನು ಹೇಳಲಾರೆ. ಎಲ್ಲ ಋತುಗಳಲ್ಲೂ ನೋಡಬೇಕು.

ಅಲ್ಲಿಯವರೆಗೆ ಕಾವಲುಗಾರರನ್ನು ಕೇಳಿ. ಒಂದು ಕಡೆ ವ್ಯವಸ್ಥಾಪಕರು ‘ಇಲ್ಲಿ ಹಕ್ಕಿಗಿಕ್ಕಿ ಏನೂ ಇಲ್ಲ’ ಎಂದು ಖಡಾಖಂಡಿತವಾಗಿ ಹೇಳಿದರು. ಹಿಂದೆಯೇ ಬರುತ್ತಿದ್ದ ರಾತ್ರಿ ಪಾಳಿಯ ಕಾವಲುಗಾರ ನನ್ನ ತೋಳು ಹಿಡಿದು ನಿಲ್ಲಿಸಿದ. ಒಂದು ಹೆಜ್ಜೆ ಮುಂದೆ ಗೂಡು. ಫೋರ್ಕ್‌ಲಿಫ್ಟ್ ಹರಿಯದಿರಲೆಂದು ಸುತ್ತ ಹಳೇ ಟೈರು ಇಟ್ಟಿದ್ದ, ಯಾರಿಗೂ ಹೇಳಿರಲಿಲ್ಲ. ಅಂಥವರಿಗೆ ನಮ್ಮ ವರದಿಗಳಲ್ಲಿ ಒಂದು ಸಾಲೂ ಸಿಗುವುದಿಲ್ಲ.

ಕಳೆ ಕೊಯ್ಯಲೇಬೇಕೆಂದರೆ ಬೀಜ ಉದುರಿದ ಮೇಲೆ ಕೊಯ್ಯಿ, ಅದೂ ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ. ಸಸಿಗಳು ಆಗಲೇ ಲಾರಿಯಿಂದ ಇಳಿದಿದ್ದರೆ ವಾಹನ ನಿಲ್ದಾಣದ ಸುತ್ತ ನೆಡಿ, ನೌಕರರ ಸ್ಕೂಟರಿಗಾದರೂ ನೆರಳಾದೀತು.