ಸಣ್ಣ ದೋಣಿಗೆ ಟ್ರೋಲಿಂಗ್ ಮೋಟಾರ್: ಕಾಳಿ ನದಿಯ ಇಳಿತ ನೋಡಿ ಮಾಡಿಕೊಂಡ ಲೆಕ್ಕ

ಕಾರವಾರದಲ್ಲಿ ಟ್ರೋಲಿಂಗ್ ಮೋಟಾರ್ ಅಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಬೈತಖೋಲ್ ಬಂದರಿನ ಟ್ರಾಲ್ ಬೋಟ್. ಅದು ಬೇರೆ, ಇದು ಬೇರೆ. ಟ್ರಾಲ್ ಅಂದರೆ ದೊಡ್ಡ ಬಲೆಯನ್ನು ನೀರಿನಡಿ ಎಳೆಯುವುದು. ಟ್ರೋಲಿಂಗ್ ಅಂದರೆ ದೋಣಿಯ ಹಿಂದೆ ಗಾಳ ಬಿಟ್ಟುಕೊಂಡು ನಿಧಾನಕ್ಕೆ ಸಾಗುವುದು. ಆ ನಿಧಾನದ ಓಟಕ್ಕೆಂದೇ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಮೋಟಾರ್ ಇದು. ಹೊಗೆಯಿಲ್ಲ, ಸದ್ದು ತೀರಾ ಕಡಿಮೆ, ಕಾಂಡ್ಲಾ ಗಿಡಗಳ ಬುಡದವರೆಗೂ ಮೀನು ಬೆದರಿಸದೆ ಹೋಗಬಹುದು.

ನನ್ನದು 14 ಅಡಿಯ ಫೈಬರ್ ದೋಣಿ. ಕೋಡಿಬಾಗ ಕಡೆ ಕಟ್ಟಿಡುತ್ತೇನೆ, ಓಡಾಟವೆಲ್ಲ ಕಾಳಿ ನದಿಯ ಅಳಿವೆ ಆಸುಪಾಸು. ಮೋಟಾರ್ ಕೂರಿಸುವಾಗ ಓದಿದ್ದು, ಮಾಡಿದ್ದು, ತಪ್ಪಿದ್ದು ಎಲ್ಲ ಸೇರಿಸಿ ಬರೆದುಕೊಂಡ ಟಿಪ್ಪಣಿ ಇದು. ನಿಮ್ಮಲ್ಲೂ ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕಿದ್ದರೆ ನಾನು ಸುತ್ತಿದ ದಾರಿ ಸುತ್ತುವುದು ಬೇಡ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಮೋಟಾರ್ ಹುಟ್ಟಿದ್ದು ಕೆರೆಯ ನೀರಿಗೆ. 1934ರಲ್ಲಿ ಅಮೆರಿಕದ ನಾರ್ತ್ ಡಕೋಟಾದ ಫಾರ್ಗೋ ಊರಿನಲ್ಲಿ ಓ. ಜಿ. ಶ್ಮಿಟ್ ಎಂಬವರು ಕಾರಿನ ಸ್ಟಾರ್ಟರ್ ಮೋಟಾರ್‌ಗೆ ಪ್ರೊಪೆಲರ್ ಜೋಡಿಸಿ ಇದನ್ನು ಮಾಡಿದರು. ಪಕ್ಕದ ಮಿನ್ನೆಸೋಟ ಸಾವಿರಾರು ಕೆರೆಗಳ ನಾಡು. ಎರಡೂ ರಾಜ್ಯಗಳ ಹೆಸರು ಸೇರಿಯೇ ಅವರ ಕಂಪನಿಗೆ ಮಿನ್ ಕೋಟಾ ಎಂಬ ಹೆಸರು ಬಂತು. ಹಾಗಾಗಿ ಪುಸ್ತಕದಲ್ಲಿ ಸಿಗುವ ಲೆಕ್ಕಗಳೆಲ್ಲ ನಿಂತ ನೀರಿನ ಲೆಕ್ಕ. ನಮ್ಮ ನೀರು ನಿಲ್ಲುವುದಿಲ್ಲ, ಅಲ್ವಾ? ಆರು ತಾಸು ಒಳಗೆ ನುಗ್ಗುತ್ತದೆ, ಆರು ತಾಸು ಹೊರಗೆ ಎಳೆಯುತ್ತದೆ. ಇಲ್ಲಿ ಮೋಟಾರ್ ಆರಿಸುವಾಗ ದೋಣಿಯ ತೂಕಕ್ಕಿಂತ ವಾಪಸು ಬರುವ ದಾರಿ ಮುಖ್ಯ.

ಪುಸ್ತಕದ ಲೆಕ್ಕ ಹೀಗಿದೆ. ತುಂಬಿದ ದೋಣಿಯ ತೂಕದಲ್ಲಿ ಪ್ರತಿ 45 ಕಿಲೋಗೆ 2 ಪೌಂಡ್ ಥ್ರಸ್ಟ್ ಬೇಕು. ಥ್ರಸ್ಟ್ ಅಂದರೆ ನೀರನ್ನು ಹಿಂದಕ್ಕೆ ತಳ್ಳುವ ಬಲ, ಅದನ್ನು ಪೌಂಡ್‌ನಲ್ಲಿ ಅಳೆಯುತ್ತಾರೆ. ನನ್ನ ದೋಣಿ, ಇಬ್ಬರು ಜನ, ಬ್ಯಾಟರಿ, ಲಂಗರು, ಬಲೆ ಎಲ್ಲ ಸೇರಿ ಸುಮಾರು 350 ಕಿಲೋ. ಲೆಕ್ಕದ ಪ್ರಕಾರ 16 ಪೌಂಡ್ ಸಾಕು. ಆದರೆ ನಾನು 55 ಪೌಂಡ್‌ನದ್ದು ತಗೊಂಡೆ. 12 ವೋಲ್ಟ್‌ನಲ್ಲಿ ಹೆಚ್ಚುಕಡಿಮೆ ಅದೇ ಮೇಲಿನ ಮಿತಿ, ಅದಕ್ಕಿಂತ ದೊಡ್ಡದು ಬೇಕಂದರೆ 24 ವೋಲ್ಟ್ ಆಗುತ್ತದೆ, ಎರಡು ಬ್ಯಾಟರಿ ಹೊರಬೇಕು. ಪೂರ್ತಿ ವೇಗದಲ್ಲಿ ಇದು 50 ಆಂಪಿಯರ್ ಹತ್ತಿರ ಎಳೆಯುತ್ತದೆ. 12 ವೋಲ್ಟ್‌ಗೆ 600 ವ್ಯಾಟ್ ಆಯಿತು. ಒಂದು ಅಶ್ವಶಕ್ತಿಗೆ 746 ವ್ಯಾಟ್, ಅಂದರೆ ಇದು ಒಂದು ಅಶ್ವಶಕ್ತಿಯೂ ಅಲ್ಲ. ಪೆಟ್ರೋಲ್ ಇಂಜಿನ್ ಓಡಿಸಿದವರು ಆ ಓಟವನ್ನು ಇಲ್ಲಿ ಹುಡುಕಬಾರದು.

ಈಗ ಇಳಿತದ ಲೆಕ್ಕ. ಇದನ್ನು ಒಂದು ಸಲ ಕಾಗದದ ಮೇಲೆ ನೀವೇ ಮಾಡಿ ನೋಡಿ. ನೀರಿನಲ್ಲಿ ವೇಗ ಹೆಚ್ಚಿಸಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದಷ್ಟು ಏರುತ್ತದೆ. ವೇಗ ಅರ್ಧ ಮಾಡಿದರೆ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಪೂರ್ತಿ ವೇಗ ತಾಸಿಗೆ 6 ಕಿ.ಮೀ., ಆಗ 48 ಆಂಪಿಯರ್ ಅಂತಿಟ್ಟುಕೊಳ್ಳಿ. 3 ಕಿ.ಮೀ. ವೇಗಕ್ಕೆ ಬರೀ 6 ಆಂಪಿಯರ್ ಸಾಕು. ಮನೆ ಕಡೆಗೆ ನದಿಯಲ್ಲಿ 3 ಕಿ.ಮೀ. ಮೇಲೆ ಬರಬೇಕು. ನೀರು ನಿಂತಿದ್ದರೆ ಒಂದು ತಾಸು, 6 ಆಂಪಿಯರ್ ಅವರ್ (ಆಂಪಿಯರ್ ಅನ್ನು ತಾಸಿನಿಂದ ಗುಣಿಸಿದ್ದು) ಖರ್ಚು. ಏನೂ ಅಲ್ಲ.

ಅದೇ ದಾರಿಗೆ ಎದುರಿನಿಂದ ತಾಸಿಗೆ 3 ಕಿ.ಮೀ. ಇಳಿತದ ಸೆಳೆತ ಬಂತು ಅನ್ನಿ. 3 ಕಿ.ಮೀ. ವೇಗದಲ್ಲಿ ಹೊರಟರೆ ಪ್ರೊಪೆಲರ್ ತಿರುಗುತ್ತಲೇ ಇರುತ್ತದೆ, ನೀರು ದೋಣಿಯ ಪಕ್ಕದಲ್ಲಿ ಹರಿಯುತ್ತಲೇ ಇರುತ್ತದೆ, ದಡದ ತೆಂಗಿನಮರ ಮಾತ್ರ ಇದ್ದಲ್ಲೇ ಇರುತ್ತದೆ. 3.5ರಲ್ಲಿ ಆರು ತಾಸು, ಸುಮಾರು 57 ಆಂಪಿಯರ್ ಅವರ್. ಪೂರ್ತಿ 6ರಲ್ಲಿ ಒಂದು ತಾಸು, 48 ಆಂಪಿಯರ್ ಅವರ್. 4.5ರಲ್ಲಿ ಎರಡು ತಾಸು, ಸುಮಾರು 40. ಎಲ್ಲಕ್ಕಿಂತ ಕಡಿಮೆ ಬರುವುದು 4.5ಕ್ಕೇ. ಸೆಳೆತ ಎಷ್ಟಿದೆಯೋ ಅದರ ಒಂದೂವರೆ ಪಟ್ಟು ವೇಗದಲ್ಲಿ ಹೋದರೆ ಬ್ಯಾಟರಿ ಅತಿ ಕಡಿಮೆ ಖರ್ಚಾಗುತ್ತದೆ. ಸೆಳೆತ 2 ಇದ್ದರೆ 3, ಸೆಳೆತ 3 ಇದ್ದರೆ 4.5. ಗಣಿತ ಗೊತ್ತಿರುವವರಿಗೆ ಇದು ಕ್ಯಾಲ್ಕುಲಸ್‌ನ ಸಣ್ಣ ಲೆಕ್ಕ, ಉಳಿದವರು ಮೇಲಿನ ನಾಲ್ಕು ಅಂಕಿ ನೋಡಿದರೂ ಸಾಕು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅದೇ 3 ಕಿ.ಮೀ. ಭರತಿಯ ಜೊತೆ ಬಂದರೆ? ದೋಣಿಯ ವೇಗ 3, ನೀರಿನದು 3, ಅರ್ಧ ತಾಸಿನಲ್ಲಿ ಮನೆ. ಖರ್ಚು 3 ಆಂಪಿಯರ್ ಅವರ್. ಒಂದು ಕಡೆ 40, ಇನ್ನೊಂದು ಕಡೆ 3! ಎಷ್ಟು ದುಡ್ಡು ಕೊಟ್ಟು ಎಂಥ ಬ್ಯಾಟರಿ ತಂದರೂ ಇಷ್ಟು ಉಳಿತಾಯ ಆಗುವುದಿಲ್ಲ. ನಮ್ಮ ಹಿರಿಯರು ಹುಟ್ಟು ಹಾಕುವಾಗ ಸುಕತಿಯಲ್ಲಿ, ಅಂದರೆ ಇಳಿತದಲ್ಲಿ, ಕೆಳಗೆ ಹೋಗಿ ಭರತಿಯಲ್ಲಿ ಮೇಲೆ ಬರುತ್ತಿದ್ದರು, ಅವರ ತೋಳಿಗೆ ಗೊತ್ತಿದ್ದದ್ದನ್ನೇ ನಾವು ಆಂಪಿಯರ್‌ನಲ್ಲಿ ಬರೆಯುತ್ತಿದ್ದೇವೆ. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜಾಸ್ತಿ. ಇನ್ನೊಂದು ನೆನಪಿಡಿ: ಸಮುದ್ರದಲ್ಲಿ ಭರತಿ ಶುರುವಾದ ಕೂಡಲೇ ನದಿಯ ಒಳಗೆ ನೀರು ತಿರುಗುವುದಿಲ್ಲ, ಮೇಲೆ ಹೋದಷ್ಟೂ ತಡ. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ಗೇಟ್ ತೆರೆದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ, ನೀರು ಒಂದೇ ಕಡೆ ಹರಿಯುತ್ತದೆ. ಆಗ ನಾನು ದೋಣಿ ಇಳಿಸುವುದೇ ಇಲ್ಲ. ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವ ಜೂನ್, ಜುಲೈ ನನಗೂ ರಿಪೇರಿ ತಿಂಗಳು.

ಬ್ಯಾಟರಿ ವಿಷಯಕ್ಕೆ ಬರೋಣ. ಕಾರಿನ ಬ್ಯಾಟರಿ ಬೇಡವೇ ಬೇಡ. ಅದು ಸ್ಟಾರ್ಟ್ ಮಾಡುವಾಗ ಕ್ಷಣಹೊತ್ತು ಜೋರಾಗಿ ಕರೆಂಟ್ ಕೊಡಲು ಮಾಡಿದ್ದು. ತಾಸುಗಟ್ಟಲೆ ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತದೆ. ಡೀಪ್ ಸೈಕಲ್ ಅಂತ ಕೇಳಿ ತಗೊಳ್ಳಿ. ಸೀಸದ ಬ್ಯಾಟರಿಯ ಮೇಲೆ 100 ಆಂಪಿಯರ್ ಅವರ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 20 ತಾಸಿನ ಲೆಕ್ಕ, ಅಂದರೆ 5 ಆಂಪಿಯರ್‌ನಂತೆ 20 ತಾಸು. 50 ಆಂಪಿಯರ್ ಎಳೆದರೆ ಎರಡು ತಾಸು ಬರುತ್ತದೆ ಅಂದುಕೊಂಡರೆ ತಪ್ಪು, ಅದಕ್ಕಿಂತ ಬಹಳ ಮೊದಲೇ ಮುಗಿಯುತ್ತದೆ. ಜೋರಾಗಿ ಎಳೆದಷ್ಟೂ ಸಿಗುವುದು ಕಡಿಮೆ. 1897ರಲ್ಲೇ ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ ಇದಕ್ಕೊಂದು ಸೂತ್ರ ಬರೆದಿಟ್ಟಿದ್ದಾರೆ. ಮೇಲಾಗಿ ಬಾಳಿಕೆ ಬರಬೇಕಂದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 80 ಪರ್ಸೆಂಟ್ ಧೈರ್ಯವಾಗಿ ಬಳಸಬಹುದು, 100ರದ್ದು 12 ಕಿಲೋ ಹತ್ತಿರ ತೂಗುತ್ತದೆ. ಅಷ್ಟೇ ಅಳತೆಯ ಸೀಸದ್ದು 28 ಕಿಲೋ ಮೇಲೆ. ಆದರೆ ಲಿಥಿಯಂನ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲ, ಹಾಗಾಗಿ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಬರುವುದಿಲ್ಲ. ಆಂಪಿಯರ್ ಅವರ್ ಎಣಿಸುವ ಶಂಟ್ ಮೀಟರ್ ಹಾಕಿಸಿಕೊಳ್ಳಿ. ಸೀಸದ್ದಕ್ಕೆ ವೋಲ್ಟ್ ಮೀಟರ್ ಸಾಕು, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು ನೋಡಿದಾಗ 12.7 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ.

ಮೋಟಾರ್, ಮನುಷ್ಯ, ಬ್ಯಾಟರಿ ಮೂರೂ ಹಿಂದೆ ಇದ್ದರೆ ದೋಣಿಯ ಮೂತಿ ಮೇಲೇಳುತ್ತದೆ, ಗಾಳಿ ಬಂದರೆ ಆ ಮೂತಿಯನ್ನು ಹಿಡಿದು ತಿರುಗಿಸುತ್ತದೆ. ಅದಕ್ಕೆ ಬ್ಯಾಟರಿಯನ್ನು ಮುಂದೆ ಇಟ್ಟೆ. ಸರಿಯಾದ ಕೆಲಸವೇ, ಆದರೆ ವೈರ್ ಉದ್ದವಾಯಿತು. ಅಂಗಡಿಯಲ್ಲಿ 6 ಚದರ ಮಿ.ಮೀ. ವೈರ್ ಸಾಕು ಅಂದರು, ಹಾಕಿದೆ. ಎರಡನೇ ದಿನ ಸದಾಶಿವಗಡದ ಕಡೆಯಿಂದ ಪೂರ್ತಿ ವೇಗದಲ್ಲಿ ಬರುವಾಗ ಹಲಗೆಯ ಕೆಳಗೆ ಕೈ ಹಾಕಿದರೆ ವೈರ್ ಬಿಸಿಯಾಗಿತ್ತು, ಮೇಲಿನ ಪ್ಲಾಸ್ಟಿಕ್ ಉಗುರಿಗೆ ಮೆತ್ತಗೆ ಸಿಕ್ಕಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಹೋಗಲು 4 ಮೀಟರ್, ಬರಲು 4 ಮೀಟರ್, ಒಟ್ಟು 8. ಆ ದಪ್ಪಕ್ಕೆ 50 ಆಂಪಿಯರ್‌ನಲ್ಲಿ 1.15 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 57 ವ್ಯಾಟ್ ಸುಮ್ನೆ ವೈರ್ ಬಿಸಿ ಮಾಡಲು! 16 ಚದರ ಮಿ.ಮೀ. ಹಾಕಿದರೆ ನಷ್ಟ 0.43 ವೋಲ್ಟ್, 25 ಹಾಕಿದರೆ 0.28. ನಾನು 25ಕ್ಕೆ ಬದಲಿಸಿದೆ. ತವರ ಲೇಪಿಸಿದ ತಾಮ್ರದ ವೈರ್ ಸಿಕ್ಕರೆ ಬಿಡಬೇಡಿ, ಉಪ್ಪುಗಾಳಿಗೆ ಬರೀ ತಾಮ್ರ ಒಳಗೊಳಗೇ ಹಸಿರಾಗುತ್ತದೆ. ಬ್ಯಾಟರಿಯ ಪ್ಲಸ್ ಕಂಬಕ್ಕೆ ಆದಷ್ಟು ಹತ್ತಿರ 60 ಆಂಪಿಯರ್ ಸರ್ಕ್ಯೂಟ್ ಬ್ರೇಕರ್ ಇರಲಿ. ಪ್ರೊಪೆಲರ್‌ಗೆ ಬಲೆ ಸಿಕ್ಕಿ ನಿಂತರೆ ಕರೆಂಟ್ ಒಮ್ಮೆಲೇ ಏರುತ್ತದೆ, ಆಗ ಉಳಿಸುವುದು ಅದೇ.

ಕೂರಿಸುವುದು ಕಷ್ಟವಲ್ಲ. ಹಿಂದಿನ ಹಲಗೆಗೆ ಕ್ಲ್ಯಾಂಪ್ ಬಿಗಿದರೆ ಆಯಿತು. ಆದರೆ ಹಲಗೆ ಗಟ್ಟಿ ಇರಬೇಕು: 55 ಪೌಂಡ್ ಅಂದರೆ 25 ಕಿಲೋ ಬಲ, ಅದು ಮುಕ್ಕಾಲು ಮೀಟರ್ ಕೆಳಗಿಂದ ಸನ್ನೆಕೋಲಿನಂತೆ ಮೀಟುತ್ತದೆ. ತೆಳು ಫೈಬರ್ ಇದ್ದರೆ ಎರಡೂ ಕಡೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ತುಂಡು ಕೊಟ್ಟು, 316 ಸ್ಟೇನ್‌ಲೆಸ್ ಬೋಲ್ಟ್ ಹಾಕಿ. ಎರಡೂ ತುದಿ ಚೂಪಾಗಿರುವ ಪಾತಿ ದೋಣಿಗೆ ಹಿಂದಿನ ಹಲಗೆಯೇ ಇರುವುದಿಲ್ಲ, ಅಡ್ಡಕ್ಕೆ ಮರದ ತೊಲೆ ಕಟ್ಟಿ ಪಕ್ಕದಲ್ಲಿ ಕೂರಿಸಬೇಕು. ಜನ ಕೂತು, ಸಾಮಾನು ತುಂಬಿದ ಮೇಲೆ ಅಳೆದು ನೋಡಿ, ಪ್ರೊಪೆಲರ್‌ನ ಮೇಲಿನ ರೆಕ್ಕೆ ತುದಿ ನೀರಿನಿಂದ ಕನಿಷ್ಠ 15 ಸೆಂ.ಮೀ. ಕೆಳಗಿರಬೇಕು. ಅಲೆ ಇರುವಲ್ಲಿ 25ಕ್ಕೆ ಇಳಿಸಿ.

ಉಪ್ಪುನೀರಿನ ಮಾತು ಹೇಳದಿದ್ದರೆ ಟಿಪ್ಪಣಿ ಅರ್ಧ. ಪ್ರೊಪೆಲರ್ ಹತ್ತಿರ ಒಂದು ಬಲಿ ಲೋಹ ಇರುತ್ತದೆ, ಮೋಟಾರ್ ಬದಲು ತಾನು ಸವೆಯುವುದೇ ಅದರ ಕೆಲಸ. ಕಡಲಿಗೆ ಸತು ಸರಿ. ಅಳಿವೆಯ ಸಪ್ಪೆ ಉಪ್ಪುನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ, ಅಲ್ಲಿಗೆ ಅಲ್ಯುಮಿನಿಯಂ ವಾಸಿ. ಪ್ರತಿಸಲ ಬಾವಿ ನೀರಿನಲ್ಲಿ ತೊಳೆಯಿರಿ. ತಿಂಗಳಿಗೊಮ್ಮೆಯಾದರೂ ಪ್ರೊಪೆಲರ್ ಬಿಚ್ಚಿ ನೋಡಿ. ನಾನು ಮೊದಲ ಸಲ ಬಿಚ್ಚಿದಾಗ ಅದರ ಹಿಂದೆ ಗಾಳದ ನೈಲಾನ್ ದಾರ ಬಿಳಿ ಉಂಗುರದ ಹಾಗೆ ಬಿಗಿದು ಕೂತಿತ್ತು, ಚಾಕುವಿನ ತುದಿಯಿಂದ ಎಳೆ ಎಳೆಯಾಗಿ ಬಿಡಿಸಿದೆ. ಅಡಿಯಲ್ಲಿ ರಬ್ಬರ್ ಸೀಲ್‌ಗೆ ಗೆರೆ ಬಿದ್ದಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ನೀರು ಒಳಗೆ ಹೋಗುತ್ತಿತ್ತು.

ದೋಣಿಯಲ್ಲಿ ಎರಡು ಹುಟ್ಟು, ಲಂಗರು, ಪ್ರೊಪೆಲರ್ ಪಿನ್ ಒಂದೆರಡು ಜಾಸ್ತಿ ಇರಲಿ. ಪಿನ್ ಮುರಿಯುವುದು ಮರಳ ದಿಬ್ಬಕ್ಕೆ ತಾಗಿದಾಗ. ಇಳಿತದಲ್ಲಿ ಮೋಟಾರ್ ನಿಂತರೆ ಏನಾಯಿತು ಅಂತ ಬಗ್ಗಿ ನೋಡುವ ಮೊದಲು ಲಂಗರು ಬಿಡಿ. ತಾಸಿಗೆ 3 ಕಿ.ಮೀ. ಸೆಳೆತ ಅಂದರೆ ನಿಮಿಷಕ್ಕೆ 50 ಮೀಟರ್. ಪಿನ್ ಬದಲಿಸಲು ನನಗೆ ಎಂಟು ನಿಮಿಷ ಬೇಕು, ಅಷ್ಟರಲ್ಲಿ ದೋಣಿ ಅಳಿವೆ ಕಡೆಗೆ 400 ಮೀಟರ್ ಹೋಗಿರುತ್ತದೆ.