ಗುಡ್ಡೆಯ ಹೊಟ್ಟೆಯೊಳಗಿನ ಪೊಳ್ಳು

ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆಯ ಗುಡ್ಡೆಗಳಲ್ಲಿ ನಡೆಯುವಾಗ ನಮ್ಮ ಕಾಲಡಿಯಲ್ಲೇ ಸುರಂಗ ಇರಬಹುದು. ಮುರಕಲ್ಲನ್ನು, ಅಂದರೆ ಕೆಂಪು ಜಂಬಿಟ್ಟಿಗೆಯನ್ನು, ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ತೋಟಕ್ಕೆ ಇಳಿಸಲು ಹಿರಿಯರು ತೋಡಿದ್ದು. ಒಬ್ಬ ಆಳು ನುಗ್ಗುವಷ್ಟೇ ಅಗಲ. ಎಷ್ಟೋ ಕಡೆ ಬಾಯಿ ಕುಸಿದು ಮುಚ್ಚಿದೆ, ಒಳಗಿನ ಪೊಳ್ಳು ಹಾಗೇ ಉಳಿದಿದೆ. ಅದರ ಮೇಲೆ ಮನೆಗೆ ಅಡಿಪಾಯ ಹಾಕುವವರಿಗೆ ಇದು ಗೊತ್ತಾಗಲೇಬೇಕು, ಅಲ್ವಾ?

ಅಗೆಯದೆ ನೋಡಲು ನೆಲದೊಳಗೆ ಇಳಿಯುವ ರೇಡಾರ್ ಇದೆ. ಪೆಟ್ಟಿಗೆಯಂಥ ಯಂತ್ರವನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಾರೆ. ಅದು ರೇಡಿಯೊ ಅಲೆಯನ್ನು ಕೆಳಗೆ ಕಳಿಸಿ, ಮರಳಿ ಬರಲು ಹಿಡಿದ ಹೊತ್ತನ್ನು ಅಳೆಯುತ್ತದೆ. ಗಾಳಿಯಲ್ಲಿ ಈ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಒದ್ದೆ ಮಣ್ಣಲ್ಲಿ ವೇಗ ಅದರ ಕಾಲು ಭಾಗಕ್ಕೆ ಇಳಿಯಬಹುದು. ಆಗ 3 ಮೀಟರ್ ಆಳದ ಸುರಂಗಕ್ಕೆ ಹೋಗಿ ಬರಲು 80 ನ್ಯಾನೊಸೆಕೆಂಡ್ ಸಾಕು. ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು!

ಅಲೆ ತಿರುಗಿ ಬರುವುದು ಅದರ ವೇಗ ತಟ್ಟನೆ ಬದಲಾಗುವ ಜಾಗದಿಂದ. ಒದ್ದೆ ಮಣ್ಣಿಂದ ಗಾಳಿಗೆ ಬಂದಾಗ ವೇಗ ಏರುತ್ತದೆ, ನೀರಿಗೆ ಬಂದರೆ ಇಳಿಯುತ್ತದೆ. ಹಾಗಾಗಿ ಖಾಲಿ ಸುರಂಗದಿಂದ ಬಂದ ಅಲೆಗೂ ನೀರು ತುಂಬಿದ ಸುರಂಗದಿಂದ ಬಂದ ಅಲೆಗೂ ಏರಿಳಿತ ತಿರುವುಮುರುವು. ಒಳಗೆ ಇಳಿಯದೆಯೇ ನೀರಿದೆಯೋ ಇಲ್ಲವೋ ಎಂಬ ಸುಳಿವು ಸಿಗುತ್ತದೆ. ನನಗೆ ಇದಕ್ಕಿಂತ ಚೆಂದದ ವಿಷಯ ಇದರಲ್ಲಿಲ್ಲ.

ತೊಡಕೂ ನೀರಿನದ್ದೇ. ಒದ್ದೆ ಜೇಡಿ ಅಲೆಯನ್ನು ಬೇಗ ಹೀರಿಬಿಡುತ್ತದೆ. ಆಳಕ್ಕೆ ಹೋಗಬೇಕೆಂದರೆ ಉದ್ದನೆಯ ಅಲೆ ಬೇಕು. 100 ಮೆಗಾಹರ್ಟ್ಸ್‌ನ ಅಲೆ ಅಂಥ ಮಣ್ಣಲ್ಲಿ ಮುಕ್ಕಾಲು ಮೀಟರ್ ಉದ್ದ, ಹೆಚ್ಚುಕಡಿಮೆ ಸುರಂಗದ ಅಗಲದಷ್ಟೇ. ಅದಕ್ಕೆ ಸಣ್ಣ ವಿವರ ಕಾಣುವುದಿಲ್ಲ. ಗಿಡ್ಡ ಅಲೆಗೆ ವಿವರ ಕಾಣುತ್ತದೆ, ಆದರೆ ಅದು ಮೇಲಿನ ಮಣ್ಣಲ್ಲೇ ಸೋತುಹೋಗುತ್ತದೆ. ನಮ್ಮ ಮಳೆಗಾಲದಲ್ಲಿ ಈ ಕೆಲಸ ಸುಮ್ನೆ ದಂಡ. ನೆಲ ಒಣಗಿರುವ ಮಾರ್ಚ್, ಏಪ್ರಿಲ್ ಒಳ್ಳೆಯದು.

ಯಂತ್ರ ತರಿಸುವ ಮೊದಲು ಮನೆಯ ಅಜ್ಜನನ್ನೋ ಹಳೆಯ ಕೆಲಸದಾಳನ್ನೋ ಕೇಳಿ, ಸುರಂಗ ಯಾವ ದಿಕ್ಕಿಗೆ ಹೋಗಿತ್ತು ಎಂದು. ಅದಕ್ಕೆ ಅಡ್ಡವಾಗಿ ಪೆಟ್ಟಿಗೆ ಎಳೆದರೆ ತೆರೆಯ ಮೇಲೆ ಕಮಾನು ಮೂಡುತ್ತದೆ: ಹತ್ತಿರ ಬಂದ ಹಾಗೆ ದೂರ ಕಡಿಮೆ, ದಾಟಿದ ಮೇಲೆ ಮತ್ತೆ ಜಾಸ್ತಿ. ಸುರಂಗದ ಉದ್ದಕ್ಕೇ ಎಳೆದರೆ ಬರೀ ಒಂದು ಗೆರೆ ಕಾಣುತ್ತದೆ. ಮುರಕಲ್ಲಿನ ಪದರವೂ ಹಾಗೆಯೇ ಕಾಣುತ್ತದೆ.