ಆಯಿಲ್ ಕ್ಲೇ ನುಣುಪಾಗಬೇಕೇ? ಮೊದಲು ಕೆರೆಯಿರಿ

ಗಣಪತಿ ಮಾಡುವ ಜೇಡಿಮಣ್ಣಾದರೆ ಬೆರಳು ಒದ್ದೆ ಮಾಡಿಕೊಂಡು ಸವರಿದರಾಯಿತು. ಆಯಿಲ್ ಕ್ಲೇ ಮೇಲೆ ಅದೇ ಕೈ ಆಡಿಸಿದರೆ ನೀರು ಹನಿಹನಿಯಾಗಿ ಜಾರಿಹೋಗುತ್ತದೆ. ಜೇಡಿಮಣ್ಣಿನ ಕಣಗಳ ನಡುವೆ ನೀರಿರುತ್ತದೆ. ಇಲ್ಲಿ ಆ ಜಾಗದಲ್ಲಿ ಮೇಣ ಮತ್ತು ಎಣ್ಣೆ. ಅದಕ್ಕೇ ಇದು ಒಣಗಿ ಬಿರಿಯುವುದಿಲ್ಲ, ತಿಂಗಳುಗಟ್ಟಲೆ ತಿದ್ದುತ್ತ ಕೂರಬಹುದು. ಇದನ್ನು ಮೆದುವಾಗಿಸುವುದು ಶಾಖ, ಇಲ್ಲವೇ ಮೇಣ ಕರಗಿಸುವ ದ್ರಾವಕ.

ಹೊಸಬರು ಎಡವುವುದು ಬೆರಳಲ್ಲಿ ಉಜ್ಜುವಾಗಲೇ. ಮೂರ್ತಿಯ ಕೆನ್ನೆಯನ್ನು ಹೆಬ್ಬೆರಳಿಂದ ಚೆನ್ನಾಗಿ ತೀಡಿ, ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಹೊಳಪೇನೋ ಬಂದಿರುತ್ತದೆ, ಆದರೆ ಮೈಯೆಲ್ಲ ಉಬ್ಬುತಗ್ಗು. ಬೆರಳು ಕ್ಲೇಯನ್ನು ತೆಗೆಯುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ ಅಷ್ಟೆ. ಮೈಬಿಸಿಗೆ ಅದು ಮೆತ್ತಗಾಗಿ ಇನ್ನಷ್ಟು ಹರಡುತ್ತದೆ.

ಇದಕ್ಕೆ ಬೇಕಾದದ್ದು ಹಲ್ಲುಳ್ಳ ಸಾಧನ, ರೇಕ್. ಅದರ ಹಲ್ಲು ಉಬ್ಬನ್ನು ಕತ್ತರಿಸುತ್ತದೆ, ತಗ್ಗಿನ ತಳವನ್ನು ಮುಟ್ಟದೆ ದಾಟುತ್ತದೆ. ಗೀರು ಬೀಳದ ಜಾಗವೇ ತಗ್ಗು. ಅಲ್ಲಿಗೆ ಚಿಟಿಕೆ ಕ್ಲೇ ಮೆತ್ತಿ ಮತ್ತೆ ಕೆರೆಯಿರಿ. ಮೊದಲ ಸುತ್ತು ಓರೆಯಾಗಿ, ಮುಂದಿನದು ಅದಕ್ಕೆ ಅಡ್ಡಲಾಗಿ. ಒಂದೇ ದಿಕ್ಕಿಗೆ ಎಳೆಯುತ್ತಿದ್ದರೆ ನೇಗಿಲ ಸಾಲು ಬೀಳುತ್ತದೆ. ದುಬಾರಿ ರೇಕ್ ಕೊಳ್ಳುವ ಅಗತ್ಯವಿಲ್ಲ. ಹಾರ್ಡ್‌ವೇರ್ ಅಂಗಡಿಯ ಹ್ಯಾಕ್ಸಾ ಬ್ಲೇಡ್ ತುಂಡಿಗೆ ಹಿಡಿಯುವ ಕಡೆ ಟೇಪ್ ಸುತ್ತಿದರೆ ಸಾಕು: ಇಂಚಿಗೆ 18 ಹಲ್ಲಿನದರಿಂದ ಶುರು, ಆಮೇಲೆ 24, ಕೊನೆಗೆ 32. ಮೂಗಿನ ಪಕ್ಕ, ಕಣ್ಣಿನ ಕುಳಿಗೆ ಗಿಟಾರಿನ ದಪ್ಪ ತಂತಿಯನ್ನು ಕುಣಿಕೆ ಮಾಡಿ ಹಿಡಿಕೆಗೆ ಸಿಕ್ಕಿಸಿ. ಅದರ ಮೇಲೆ ಸುತ್ತಿರುವ ಸಣ್ಣ ತಂತಿಯೇ ಹಲ್ಲಿನ ಕೆಲಸ ಮಾಡುತ್ತದೆ. ಸುತ್ತಿಲ್ಲದ ನುಣುಪು ತಂತಿ ಇದಕ್ಕೆ ಬರದು.

ಕ್ಲೇ ಗಟ್ಟಿಯಾಗಿದ್ದಾಗಲೇ ಕೆರೆಯಬೇಕು. ಮೆದುವಾಗಿದ್ದರೆ ಹಲ್ಲಿಗೆ ಮೆತ್ತಿಕೊಂಡು ಚೂರುಗಳು ಕಿತ್ತುಬರುತ್ತವೆ. ಬೇಸಿಗೆಯಲ್ಲಿ ಸಣ್ಣ ಮೂರ್ತಿಯಾದರೆ ಆಗಾಗ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ.

ಗೀರುಗಳು ಕೂದಲೆಳೆಯಷ್ಟಾದ ಮೇಲೆಯೇ ದ್ರಾವಕದ ಸರದಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮೃದು ಬ್ರಶ್ ಅದ್ದಿ, ಟಿಶ್ಯೂಗೆ ಒತ್ತಿ ಹೆಚ್ಚಿನದನ್ನು ತೆಗೆದು, ಹಗುರಾಗಿ ಸವರಿ. ಟರ್ಪೆಂಟೈನ್ ಇದಕ್ಕಿಂತ ಜೋರು; ಮೇಣವನ್ನು ಬೇಗ ಕರಗಿಸುತ್ತದೆ. ಬ್ರಶ್ ತೊಟ್ಟಿಕ್ಕುತ್ತಿದ್ದರೆ ಕರಗಿದ ಕ್ಲೇ ಗಂಜಿಯಾಗಿ ಹರಿದು ರೆಪ್ಪೆಯ ಗೆರೆ, ತುಟಿಯ ಅಂಚು ತುಂಬಿಹೋಗುತ್ತವೆ. ಒಂದು ಸಲ ಸವರಿದ್ದು ಪೂರ್ತಿ ಆರಿದ ಮೇಲೆಯೇ ಇನ್ನೊಂದು. ದ್ರಾವಕದಿಂದ ಗೀರು ಹೋಗುತ್ತದೆ, ಉಬ್ಬುತಗ್ಗು ಹೋಗುವುದಿಲ್ಲ. ಈ ಎರಡು ದ್ರಾವಕಗಳೂ ಬೇಗ ಹೊತ್ತಿಕೊಳ್ಳುತ್ತವೆ, ಆದ್ದರಿಂದ ಕಿಟಕಿ ತೆರೆದಿರಲಿ. ಹೀಟ್ ಗನ್, ಬೆಂಕಿ ಹತ್ತಿರ ಬೇಡ.

ಸುಕ್ಕು ಕೊರೆಯುವಾಗ ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸಿಕೊಂಡರೆ ಗೆರೆಯ ಅಂಚು ತಾನಾಗಿ ದುಂಡಗಾಗುತ್ತದೆ, ಆಮೇಲೆ ನುಣುಪು ಮಾಡುವ ಕೆಲಸ ಕಡಿಮೆಯಾಗುತ್ತದೆ. ಮೂರ್ತಿಗೆ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ನೆರವಿನಿಂದ ಗಟ್ಟಿಯಾಗುವ ರಬ್ಬರಿನಂಥ ವಸ್ತು) ಅಚ್ಚು ತೆಗೆಯುವ ಯೋಚನೆಯಿದ್ದರೆ ಕ್ಲೇ ಗಂಧಕವಿಲ್ಲದ್ದೇ ಆಗಿರಲಿ, ಕೈಗೆ ಲೇಟೆಕ್ಸ್ ಬದಲು ನೈಟ್ರೈಲ್ ಗ್ಲೌಸ್ ಇರಲಿ. ಗಂಧಕದ ಅಂಶ ತಾಗಿದ ಕಡೆ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ.